ಬೇಡದ ಕಡೆ ಕಟ್ಟುವ ಹೆಪ್ಪು

ಮಕ್ಕಳೇ, ಆಟದಲ್ಲಿ ಬಿದ್ದು ಮೊಣಕಾಲು ತರಚಿಕೊಳ್ಳದವರು ನಿಮ್ಮಲ್ಲಿ ಯಾರೂ ಇರಲಾರರು. ಮೊದಲು ರಕ್ತ ಜಿನುಗುತ್ತದೆ. ಅಮ್ಮ ಗಾಯ ತೊಳೆದು ಬಟ್ಟೆ ಒತ್ತಿ ಹಿಡಿಯುತ್ತಾರೆ. ಸ್ವಲ್ಪ ಹೊತ್ತಿಗೆ ರಕ್ತ ನಿಲ್ಲುತ್ತದೆ. ಮಾರನೆಯ ದಿನ ಅಲ್ಲಿ ಕಂದು ಬಣ್ಣದ ಹಕ್ಕಳೆ ಕಟ್ಟಿರುತ್ತದೆ. ಕೀಳಬೇಡ ಎಂದು ಬೈಸಿಕೊಂಡೂ ನೀವು ಅದನ್ನು ಕಿತ್ತಿರುತ್ತೀರಿ. ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವ ಹಾಗೆ ಗಾಯದ ಬಾಯಲ್ಲಿ ರಕ್ತವೂ ಹೆಪ್ಪುಗಟ್ಟುತ್ತದೆ. ಹಾಗೆ ಕಟ್ಟದಿದ್ದರೆ ನಾವು ಯಾರೂ ಬದುಕುತ್ತಿರಲಿಲ್ಲ.

ಆದರೆ ಗಾಯವೇ ಇಲ್ಲದ ಕಡೆ, ರಕ್ತನಾಳದ ಒಳಗೇ ಹೆಪ್ಪು ಕಟ್ಟಿದರೆ? ದೊಡ್ಡವರಿಗೆ ಹೀಗಾಗುವುದನ್ನು ನಾವು ಕೇಳಿದ್ದೇವೆ. ಮಕ್ಕಳಿಗೂ ಆಗುತ್ತದೆ, ಆದರೆ ಅಪರೂಪ. ಅಪರೂಪವಾದ್ದರಿಂದಲೇ ಮನೆಯವರಿಗೆ ಹೊಳೆಯುವುದು ತಡ. ಅದಕ್ಕೇ ಈ ವಾರದ ಪುಟ ಈ ವಿಷಯಕ್ಕೆ. ನಾನು ಡಾಕ್ಟರಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ನನಗೆ ಗೊತ್ತಿರುವುದು ಲೆಕ್ಕ. ಈ ಕಾಯಿಲೆಯಲ್ಲಿ ಮನೆಯವರ ಕೈಯಲ್ಲಿರುವ ಮುಖ್ಯವಾದ ಕೆಲಸವೂ ಲೆಕ್ಕವೇ. ಔಷಧಿ ಯಾವುದು, ಎಷ್ಟು ಎನ್ನುವುದು ಡಾಕ್ಟರ ಮಾತು. ಅದನ್ನು ದಿನದಿನವೂ ತಪ್ಪದೆ ನಡೆಸುವುದು ನಮ್ಮ ಮಾತು.

ಮೊದಲು ಕುಣಿಗಲ್ ಕೆರೆಯನ್ನು ನೆನೆಸಿಕೊಳ್ಳಿ. ನೋಡದವರು ನಿಮ್ಮೂರಿನ ಕೆರೆಯನ್ನೇ ನೆನೆಸಿಕೊಳ್ಳಿ. ಏರಿಯಲ್ಲಿ ಎಲ್ಲೋ ಬಿರುಕು ಬಿಟ್ಟು ನೀರು ಸೋರತೊಡಗಿದರೆ ಊರಿನವರು ಏನು ಮಾಡುತ್ತಾರೆ? ಓಡಿಹೋಗಿ ಮರಳಿನ ಮೂಟೆ ಇಡುತ್ತಾರೆ, ಸೊಪ್ಪುಸದೆ ತುರುಕುತ್ತಾರೆ, ಮೇಲೆ ಮಣ್ಣು ಮೆತ್ತುತ್ತಾರೆ. ನಮ್ಮ ರಕ್ತದಲ್ಲಿ ಆ ಮೂಟೆಗಳ ಕೆಲಸ ಮಾಡುವುದು ಪ್ಲೇಟ್‌ಲೆಟ್‌ಗಳು. ಡೆಂಗಿ ಜ್ವರದ ಕಾಲದಲ್ಲಿ ಎಲ್ಲರ ಬಾಯಲ್ಲೂ ಬರುವ ಹೆಸರು ಅದು. ಆ ಮೂಟೆಗಳನ್ನು ಬಿಗಿಯಾಗಿ ಹಿಡಿದಿಡುವ ಬಲೆ ಫೈಬ್ರಿನ್ ಎನ್ನುವ ನಾರು.

ಅದೇ ಮೂಟೆಗಳನ್ನು ಒಡೆದ ಏರಿಗೆ ಇಡದೆ, ಸರಿಯಾಗಿ ಹರಿಯುತ್ತಿರುವ ಕಾಲುವೆಗೆ ತಂದು ಹಾಕಿದರೆ? ಕೆಳಗಿನ ಗದ್ದೆ ಒಣಗುತ್ತದೆ, ಮೇಲಿನ ಗದ್ದೆಯಲ್ಲಿ ನೀರು ನಿಂತು ಪೈರು ಕೊಳೆಯುತ್ತದೆ. ರಕ್ತನಾಳದಲ್ಲಿ ಬೇಡದ ಹೆಪ್ಪು ಕಟ್ಟಿದಾಗ ಆಗುವುದೂ ಇದೇ. ಕಾಲಿನಲ್ಲಿ ಕಟ್ಟಿದರೆ ಕಾಲು ಊದುತ್ತದೆ. ಆ ಹೆಪ್ಪಿನ ತುಂಡು ಕಿತ್ತು ಹರಿದು ಶ್ವಾಸಕೋಶಕ್ಕೆ ಹೋದರೆ ಉಸಿರಿಗೇ ಅಪಾಯ. ಮಿದುಳಿನಿಂದ ರಕ್ತವನ್ನು ಹಿಂದಕ್ಕೆ ತರುವ ನಾಳದಲ್ಲಿ ಕಟ್ಟಿದರೆ ತಲೆನೋವು, ವಾಂತಿ, ಫಿಟ್ಸ್.

ಹೀಗೆ ಕಟ್ಟುವುದಕ್ಕೆ ಮೂರು ಕಾರಣಗಳೆಂದು ವೈದ್ಯಶಾಸ್ತ್ರದಲ್ಲಿ ಹೇಳುತ್ತಾರೆ. 19ನೇ ಶತಮಾನದ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋವ್ ಹೆಸರಿನಲ್ಲಿ ಆ ಮೂರನ್ನೂ ಇಂದಿಗೂ ಪಾಠ ಮಾಡುತ್ತಾರೆ. ಹರಿವು ನಿಧಾನವಾಗುವುದು, ನಾಳದ ಗೋಡೆ ಕೆಡುವುದು, ರಕ್ತದ ಗುಣವೇ ಬದಲಾಗುವುದು. ಕಾಲುವೆಯ ಭಾಷೆಯಲ್ಲಿ ಹೇಳಿದರೆ ನೀರು ನಿಂತಿದೆ, ದಡ ಕುಸಿದಿದೆ ಅಥವಾ ನೀರೇ ಕೆಸರಾಗಿದೆ. ಮಕ್ಕಳಲ್ಲಿ ಹೆಪ್ಪು ಕಟ್ಟಲು ಹೆಚ್ಚಾಗಿ ಕಾರಣವಾಗುವುದು, ದೊಡ್ಡ ಕಾಯಿಲೆಯ ಚಿಕಿತ್ಸೆಗಾಗಿ ದೊಡ್ಡ ರಕ್ತನಾಳದೊಳಗೆ ಇಟ್ಟ ಕೊಳವೆ. ಆದರೆ ಇವತ್ತು ನಾನು ಹೇಳಹೊರಟಿರುವುದು ಮೂರನೆಯ ಕಾರಣವನ್ನು, ರಕ್ತದ ಗುಣ ಬದಲಾಗುವುದನ್ನು.

ರಕ್ತದಲ್ಲೂ ಒಂದು ಜಮಾ–ಖರ್ಚು ಇದೆ. ಒಂದು ಪುಟದಲ್ಲಿ ಹೆಪ್ಪು ಕಟ್ಟಿಸುವ ವಸ್ತುಗಳು. ಎದುರು ಪುಟದಲ್ಲಿ 'ಸಾಕು, ಇಲ್ಲಿಗೆ ನಿಲ್ಲಿಸು' ಎನ್ನುವ ವಸ್ತುಗಳು. ಆಂಟಿಥ್ರಾಂಬಿನ್, ಪ್ರೋಟೀನ್ ಸಿ, ಪ್ರೋಟೀನ್ ಎಸ್ ಎಂದು ಅವುಗಳ ಹೆಸರು. ಎರಡೂ ಪುಟ ತಾಳೆಯಾದರೆ ಆರೋಗ್ಯ. ಎದುರು ಪುಟದಿಂದ ಏನಾದರೂ ಸೋರಿಹೋದರೆ ಬೇಡದ ಕಡೆ ಹೆಪ್ಪು. ಕೆಲವು ಮಕ್ಕಳಿಗೆ ಈ ಕೊರತೆ ಹುಟ್ಟಿನಿಂದ ಬಂದಿರುತ್ತದೆ. ಇನ್ನು ಕೆಲವರು ಚೆನ್ನಾಗಿಯೇ ಹುಟ್ಟಿ, ಚೆನ್ನಾಗಿಯೇ ಬೆಳೆಯುತ್ತಿರುವಾಗ, ಬೇರೊಂದು ಕಾಯಿಲೆಯ ಜೊತೆಗೆ ಈ ಕೊರತೆ ಬರುತ್ತದೆ.

ಇಲ್ಲಿ ಮನೆಯ ಹಿರಿಯರಿಗೆ ಒಂದು ಮಾತು. ಮಗುವಿಗೆ ದೊಡ್ಡ ಕಾಯಿಲೆ ಎಂದಾಕ್ಷಣ "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ, ಅವಳ ತವರಿನ ಕಡೆಯಿಂದ ಬಂದದ್ದು" ಎನ್ನುವ ಮಾತು ನಮ್ಮ ಮನೆಗಳಲ್ಲಿ ಬೇಗ ಏಳುತ್ತದೆ. ಆಮೇಲೆ ಬಂದ ಈ ತೊಂದರೆ ವಂಶದಿಂದ ಇಳಿದು ಬಂದದ್ದಲ್ಲ. ತಾಯಿ ಬಸುರಿಯಲ್ಲಿ ಏನೋ ತಿಂದಳು, ಗ್ರಹಣ ನೋಡಿದಳು ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ರಾತ್ರಿಯೆಲ್ಲ ಎದ್ದು ಮಗುವನ್ನು ನೋಡಿಕೊಳ್ಳುವವಳ ತಲೆಯ ಮೇಲೆ ಆ ಹೊರೆಯನ್ನೂ ಹೊರಿಸಬೇಡಿ.

ಮಕ್ಕಳಲ್ಲಿ ಹೀಗೆ ಆಮೇಲೆ ಬರುವ ತೊಂದರೆಗಳಲ್ಲಿ ನಮ್ಮ ಕಡೆ ಹೆಚ್ಚು ತಿಳಿದಿರಬೇಕಾದದ್ದು ನೆಫ್ರೋಟಿಕ್ ಸಿಂಡ್ರೋಮ್. ಇದು ಮೂತ್ರಪಿಂಡದ ಕಾಯಿಲೆ. ಹೆಚ್ಚಾಗಿ ಒಂದು ವರ್ಷದಿಂದ ಆರು ವರ್ಷದೊಳಗಿನ ಮಕ್ಕಳಲ್ಲಿ ಶುರುವಾಗುತ್ತದೆ. ಮೂತ್ರಪಿಂಡದ ಜರಡಿಯ ಕಣ್ಣು ದೊಡ್ಡದಾಗಿ, ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರುತ್ತದೆ. ಬೆಳಿಗ್ಗೆ ಎದ್ದಾಗ ಮಗುವಿನ ಕಣ್ಣಿನ ಸುತ್ತ ಊತ, ಆಮೇಲೆ ಕಾಲಿಗೆ, ಹೊಟ್ಟೆಗೆ. ಮೂತ್ರದಲ್ಲಿ ನೊರೆ. ಸೋರುವ ಪ್ರೋಟೀನಿನ ಜೊತೆ ನಾನು ಹೇಳಿದ ಆಂಟಿಥ್ರಾಂಬಿನ್ ಕೂಡ ಹೋಗುತ್ತದೆ. ಅದೇ ಹೊತ್ತಿಗೆ ಪಿತ್ತಜನಕಾಂಗ ಕಳೆದುಹೋದ ಪ್ರೋಟೀನನ್ನು ತುಂಬಲು ಹೊರಟು, ಹೆಪ್ಪು ಕಟ್ಟಿಸುವ ಫೈಬ್ರಿನೋಜೆನ್ ಅನ್ನೂ ಹೆಚ್ಚಾಗಿ ತಯಾರಿಸುತ್ತದೆ. ನೀರಿನಂಶವೆಲ್ಲ ಊತಕ್ಕೆ ಸೇರಿ ನಾಳದಲ್ಲಿರುವ ರಕ್ತ ಗಟ್ಟಿಯಾಗುತ್ತದೆ. ಮೂರೂ ಕಡೆಯಿಂದ ಲೆಕ್ಕ ಕೆಡುತ್ತದೆ. ಈ ಕಾಯಿಲೆ ಇರುವ ಮಕ್ಕಳಲ್ಲಿ ನೂರಕ್ಕೆ ಸುಮಾರು ಮೂವರಿಗೆ ಹೆಪ್ಪಿನ ತೊಂದರೆ ಬರುತ್ತದೆ. ಹನ್ನೆರಡು ವರ್ಷ ದಾಟಿದವರಿಗೆ ಅಪಾಯ ಹೆಚ್ಚು. ಮಗುವಿಗೆ ವಾಂತಿಭೇದಿಯಾಗಿ ನೀರು ಕಳೆದಾಗ ಇನ್ನಷ್ಟು ಎಚ್ಚರ ಬೇಕು. ಊತ ಇದೆ ಎಂದು ಡಾಕ್ಟರನ್ನು ಕೇಳದೆ ಮಗುವಿಗೆ ನೀರು ನಿಲ್ಲಿಸುವುದು, ಸದಾ ಮಲಗಿಸಿಯೇ ಇಡುವುದು, ಎರಡೂ ತಪ್ಪು.

ಗುಬ್ಬಿ ತಾಲ್ಲೂಕಿನಲ್ಲಿರುವ ನಮ್ಮ ಸಂಬಂಧಿಕರ ಹುಡುಗನೊಬ್ಬನಿಗೆ ಈ ಕಾಯಿಲೆ. ಅವನ ತಾಯಿಗೆ ಡಾಕ್ಟರು ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡುವ ಪಟ್ಟಿ ಕೊಟ್ಟಿದ್ದರು. ಬೆಳಗಿನ ಮೂತ್ರದಲ್ಲಿ ಅದ್ದಿದರೆ ಹಳದಿ ಬಣ್ಣ ಹಸಿರಾಗುತ್ತದೆ. ಹಸಿರು ಹೆಚ್ಚಿದಷ್ಟೂ ಪ್ರೋಟೀನು ಹೆಚ್ಚು. ಡಬ್ಬಿಯ ಮೇಲಿನ ಬಣ್ಣಕ್ಕೆ ಹೋಲಿಸಿ ಒಂದು ಪ್ಲಸ್, ಎರಡು ಪ್ಲಸ್, ಮೂರು ಪ್ಲಸ್ ಎಂದು ಬರೆಯಬೇಕು. ಮೂರು ದಿನ ಒಂದೇ ಸಮ ಮೂರು ಪ್ಲಸ್ ಬಂದರೆ ಕಾಯಿಲೆ ಮರುಕಳಿಸಿದೆ ಎಂದು ಅರ್ಥ. ನಾನು ಒಂದು ದಪ್ಪ ನೋಟ್‌ಬುಕ್ಕಿಗೆ ಗೆರೆ ಹಾಕಿಕೊಟ್ಟಿದ್ದೆ.

ಒಂದು ದಿನ ಬೆಳಿಗ್ಗೆ ಅವಳ ಫೋನು. "ದೊಡ್ಡಪ್ಪ, ಮೂರು ದಿನದಿಂದ ಪುಸ್ತಕದಲ್ಲಿ ಮೂರು ಪ್ಲಸ್ಸೇ ಬರೀತಿದೀನಿ. ನಿನ್ನೆ ಭೇದಿನೂ ಆಯ್ತು. ಇವತ್ತು ತಲೆನೋವು ಅಂತ ಅಳ್ತಾನೆ, ಎರಡು ಸಲ ವಾಂತಿ ಮಾಡ್ಕಂಡ. ಅತ್ತೆ ಪಿತ್ತ ಅಂತಾರೆ, ನಿಂಬೆಹಣ್ಣಿನ ಪಾನಕ ಕುಡಿಸು ಅಂತಾರೆ."

"ಪಾನಕ ಆಮೇಲೆ ಕುಡಿಸೋಣ ಕಣಮ್ಮ, ಪುಸ್ತಕ ತಗೊಂಡು ಹೊರಡು" ಎಂದೆ. ತುಮಕೂರಿನಲ್ಲಿ ನೋಡಿದ ಮಕ್ಕಳ ಡಾಕ್ಟರು ಪುಸ್ತಕದ ಒಂದು ಪುಟ ತಿರುವಿ, ಹುಡುಗನ ಕಣ್ಣಿಗೆ ಟಾರ್ಚು ಬಿಟ್ಟು, ಅಲ್ಲಿಂದಲೇ ಬೆಂಗಳೂರಿಗೆ ಕಳಿಸಿದರು. ಸ್ಕ್ಯಾನಿನಲ್ಲಿ ಮಿದುಳಿನ ರಕ್ತ ಹಿಂದಿರುಗುವ ನಾಳದಲ್ಲಿ ಹೆಪ್ಪು ಕಂಡಿತು. ಕೆಲವು ದಿನ ಇಂಜೆಕ್ಷನ್, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ಈಗ ಹುಡುಗ ನಾಲ್ಕನೇ ಕ್ಲಾಸು, ಮಗ್ಗಿ ಒಪ್ಪಿಸು ಎಂದರೆ ಓಡಿಹೋಗುವಷ್ಟು ಆರೋಗ್ಯವಾಗಿದ್ದಾನೆ. ಬರೀ ತಲೆನೋವು ಎಂದಿದ್ದರೆ ಡಾಕ್ಟರಿಗೂ ಹೊಳೆಯಲು ಹೊತ್ತು ಹಿಡಿಯುತ್ತಿತ್ತೋ ಏನೋ. ಮೂರು ದಿನದ ಮೂರು ಸಾಲು ಅವರಿಗೆ ದಾರಿ ತೋರಿಸಿತು.

ಇನ್ನೊಂದು ಕಾಯಿಲೆಗೆ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎಂದು ಉದ್ದನೆಯ ಹೆಸರು. ರೋಗಾಣುವಿನ ಮೇಲೆ ಹೋರಾಡಬೇಕಾದ ದೇಹದ ಕಾವಲುಪಡೆ ದಾರಿ ತಪ್ಪಿ ತನ್ನದೇ ರಕ್ತದ ಮೇಲೆ ತಿರುಗಿ ಬೀಳುತ್ತದೆ. ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ 1983ರಲ್ಲಿ ಇದನ್ನು ವಿವರಿಸಿದರು. ಲೂಪಸ್ ಎಂಬ ಕಾಯಿಲೆ ಇರುವ ದೊಡ್ಡ ಹೆಣ್ಣುಮಕ್ಕಳಲ್ಲಿ ಇದು ಜೊತೆಗೇ ಕಾಣಿಸಿಕೊಳ್ಳುವುದುಂಟು. ಇದರಲ್ಲಿ ಒಂದು ವಿಚಿತ್ರ ಇದೆ. ಲ್ಯಾಬಿನ ಗಾಜಿನ ಕೊಳವೆಯಲ್ಲಿ ಈ ಮಕ್ಕಳ ರಕ್ತ ಹೆಪ್ಪುಗಟ್ಟಲು ತಡ ಮಾಡುತ್ತದೆ. ಮೈಯೊಳಗೆ ಮಾತ್ರ ಬೇಗ ಕಟ್ಟುತ್ತದೆ. ಜ್ವರ ಬಂದುಹೋದಾಗಲೂ ಕೆಲವು ಮಕ್ಕಳ ರಕ್ತದಲ್ಲಿ ಈ ಅಂಶ ಸ್ವಲ್ಪ ಕಾಲ ಕಾಣಿಸಿ ಮಾಯವಾಗುತ್ತದೆ. ಅದಕ್ಕೇ ಕನಿಷ್ಠ 12 ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿದ ಮೇಲೆಯೇ ಈ ಕಾಯಿಲೆ ಎಂದು ಗಟ್ಟಿಯಾಗಿ ಹೇಳುತ್ತಾರೆ. ಎರಡನೆಯ ಪರೀಕ್ಷೆಗೆ ಕರೆದಾಗ "ಒಂದು ಸಲ ಮಾಡಿಸಿದ್ದೀವಲ್ಲ, ಮತ್ತೆ ದುಡ್ಡು ಯಾಕೆ" ಎನ್ನಬೇಡಿ.

ಉಳಿದವನ್ನು ಒಂದೊಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ರಕ್ತದ ಕ್ಯಾನ್ಸರಿಗೆ ಕೊಡುವ ಆಸ್ಪರಾಜಿನೇಸ್ ಎಂಬ ಔಷಧಿಯಿಂದ ಆಂಟಿಥ್ರಾಂಬಿನ್ ಕಡಿಮೆಯಾಗಿ ಹೆಪ್ಪು ಕಟ್ಟಬಹುದು. ಆ ಔಷಧಿ ಪ್ರಾಣ ಉಳಿಸುವಂಥದ್ದು, ಹೆದರಿ ಬಿಡಿಸುವಂಥದ್ದಲ್ಲ, ಡಾಕ್ಟರು ಕಣ್ಣಿಟ್ಟಿರುತ್ತಾರೆ. ಸಿಡುಬಿನ ತಂಗಿಯಂಥ ನೀರುಕೋಟ್ಲೆ, ಅಂದರೆ ಚಿಕನ್‌ಪಾಕ್ಸ್, ಬಂದುಹೋದ ಮೇಲೆ ತೀರ ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಪ್ರೋಟೀನ್ ಎಸ್ ಇದ್ದಕ್ಕಿದ್ದಂತೆ ಇಳಿದು ಚರ್ಮದ ಮೇಲೆ ನೇರಳೆಗಪ್ಪು ಮಚ್ಚೆಗಳು ಬೇಗಬೇಗ ಹರಡುತ್ತವೆ. ಅಮ್ಮನವರು ಬಂದಿದ್ದಾಳೆ, ಆಸ್ಪತ್ರೆಗೆ ಕರೆದೊಯ್ಯಬಾರದು ಎಂದು ಕೂರುವ ಹೊತ್ತಲ್ಲ ಅದು. ಕೈಮುಗಿದು ಹೊರಡಿ.

ಈಗ ಯಾವ ಲಕ್ಷಣ ಕಂಡರೆ ಕಾಯಬಾರದು ಎನ್ನುವುದನ್ನು ಕೇಳಿ. ಒಂದೇ ಕಾಲು ಅಥವಾ ಒಂದೇ ಕೈ ಊದಿಕೊಂಡು ನೋಯುವುದು, ಬಣ್ಣ ಬದಲಾಗುವುದು. ಇದ್ದಕ್ಕಿದ್ದಂತೆ ಏದುಸಿರು, ಎದೆನೋವು. ಬಿಡದ ತಲೆನೋವಿನ ಜೊತೆ ವಾಂತಿ, ಮಂಪರು, ಎರಡೆರಡಾಗಿ ಕಾಣುವುದು, ಫಿಟ್ಸ್. ಪಕ್ಕೆನೋವಿನ ಜೊತೆ ಕೆಂಪು ಮೂತ್ರ. ಮೇಲೆ ಹೇಳಿದ ಕಾಯಿಲೆಗಳಿರುವ ಮಗುವಿನಲ್ಲಿ ಇವುಗಳಲ್ಲಿ ಒಂದು ಕಂಡರೂ ಅದೇ ದಿನ, ಅದೇ ಗಂಟೆ ಆಸ್ಪತ್ರೆ. ಬಸ್ಸಿಗೆ ಕಾಯುವ ಬದಲು 108ಕ್ಕೆ ಫೋನ್ ಮಾಡಿ. ಊದಿದ ಕಾಲನ್ನು ಎಣ್ಣೆ ಹಚ್ಚಿ ನೀವಬೇಡಿ. ನೀವಿದರೆ ಹೆಪ್ಪು ಕಿತ್ತು ಮೇಲಕ್ಕೆ ಹೋಗಬಹುದು.

ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ಹೆಪಾರಿನ್ ಇಂಜೆಕ್ಷನ್. 1916ರಲ್ಲಿ ಅಮೆರಿಕದ ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿ, ಹೆಪ್ಪು ಕಟ್ಟಿಸುವ ವಸ್ತುವನ್ನು ಹುಡುಕಲು ಹೋಗಿ, ಹೆಪ್ಪು ತಡೆಯುವ ವಸ್ತುವನ್ನು ಕಂಡ. ಅದರಿಂದ ಬೆಳೆದದ್ದು ಹೆಪಾರಿನ್. ಇದು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ರಕ್ತದಲ್ಲಿರುವ ಆಂಟಿಥ್ರಾಂಬಿನ್‌ಗೆ ಬಲ ಕೊಡುತ್ತದೆ, ಅಷ್ಟೆ. ಆಂಟಿಥ್ರಾಂಬಿನ್ ಅನ್ನೇ ಮೂತ್ರದಲ್ಲಿ ಕಳೆದುಕೊಂಡ ಮಗುವಿಗೆ ಇದರ ಪ್ರಮಾಣವನ್ನು ರಕ್ತ ಪರೀಕ್ಷೆ ಮಾಡುತ್ತಾ ಹೊಂದಿಸಬೇಕಾಗುವುದು ಇದರಿಂದಲೇ. ಪ್ರಮಾಣವೆಲ್ಲ ಮಗುವಿನ ತೂಕದ ಮೇಲೆ. ಆದ್ದರಿಂದ ತೂಕವನ್ನೂ ಬರೆದಿಡಬೇಕು.

ಆಮೇಲೆ ಬರುವ ಮಾತ್ರೆಯ ಕಥೆ ಮಕ್ಕಳಿಗೆ ಇಷ್ಟವಾಗುತ್ತದೆ. ಸುಮಾರು ನೂರು ವರ್ಷದ ಹಿಂದೆ ಅಮೆರಿಕ, ಕೆನಡಾ ದೇಶಗಳಲ್ಲಿ ದನಗಳು ಇದ್ದಕ್ಕಿದ್ದಂತೆ ರಕ್ತ ಸೋರಿ ಸಾಯತೊಡಗಿದವು. ಕೊಂಬು ಕತ್ತರಿಸಿದರೆ ರಕ್ತ ನಿಲ್ಲದು. ಬೂಸಲು ಹಿಡಿದ ಒಂದು ಜಾತಿಯ ಮೇವಿನಿಂದ ಹೀಗಾಗುತ್ತದೆ ಎಂದು ಪಶುವೈದ್ಯರು ಕಂಡುಕೊಂಡರು. ಮೇವಿನಲ್ಲಿ ಏನಿದೆ ಎನ್ನುವುದು ಮಾತ್ರ ಗೊತ್ತಾಗಲಿಲ್ಲ. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ ರಾಜ್ಯದ ರೈತನೊಬ್ಬ, ಹಿಮ ಸುರಿಯುವ ದಿನ, ಸತ್ತ ಕಡಸನ್ನೂ ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತವನ್ನೂ ಹೇರಿಕೊಂಡು ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿನ ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿ ಮತ್ತು ಅವರ ಶಿಷ್ಯರು ವರ್ಷಗಟ್ಟಲೆ ಕೆಲಸ ಮಾಡಿ ಆ ವಸ್ತುವನ್ನು ಬೇರ್ಪಡಿಸಿದರು. ಅದರ ಜಾತಿಯದೇ ಇನ್ನೊಂದು ವಸ್ತು 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. ಅದರ ಹೆಸರು ವಾರ್ಫರಿನ್. 1954ರಲ್ಲಿ ಅದೇ ಮನುಷ್ಯರ ಔಷಧಿಯಾಯಿತು. ಮಾರನೆಯ ವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಇದನ್ನೇ ಕೊಟ್ಟರು. ಹೆಚ್ಚಾದರೆ ವಿಷ, ಅಳತೆಯಲ್ಲಿದ್ದರೆ ಔಷಧಿ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆ ಅಳತೆಯನ್ನು ನೋಡುವುದು ಐ.ಎನ್.ಆರ್. ಎಂಬ ರಕ್ತ ಪರೀಕ್ಷೆಯಿಂದ. ಔಷಧಿ ತೆಗೆದುಕೊಳ್ಳದವರಲ್ಲಿ ಇದು ಹೆಚ್ಚು ಕಡಿಮೆ ಒಂದು. ಹೆಪ್ಪಿಗಾಗಿ ಈ ಮಾತ್ರೆ ನುಂಗುವ ಮಗುವಿಗೆ ಸಾಮಾನ್ಯವಾಗಿ ಎರಡರಿಂದ ಮೂರರೊಳಗೆ ಇರಬೇಕು. ಎರಡಕ್ಕಿಂತ ಇಳಿದರೆ ಹೆಪ್ಪಿನ ಭಯ, ಮೂರು ದಾಟಿ ಏರುತ್ತಾ ಹೋದರೆ ರಕ್ತಸ್ರಾವದ ಭಯ. ನಮ್ಮ ದೇಶದಲ್ಲಿ ವಾರ್ಫರಿನ್ ಜೊತೆಗೆ ಅಸಿಟ್ರಾಮ್ ಎಂಬ ಹೆಸರಿನಲ್ಲಿ ಸಿಗುವ ಅಸಿನೋಕುಮರಾಲ್ ಮಾತ್ರೆಯನ್ನೂ ಬಳಸುತ್ತಾರೆ. ಎರಡರ ಕೆಲಸ ಒಂದೇ, ಅಳತೆ ಬೇರೆ. ಒಂದರ ಬದಲು ಇನ್ನೊಂದನ್ನು ಮೆಡಿಕಲ್ ಸ್ಟೋರಿನವರು ಕೊಟ್ಟರೆ ತೆಗೆದುಕೊಳ್ಳಬೇಡಿ.

ರಿವರೋಕ್ಸಾಬಾನ್, ಡಾಬಿಗಾಟ್ರಾನ್ ಎಂಬ ಹೊಸ ಔಷಧಿಗಳಿಗೆ ಅಮೆರಿಕದಲ್ಲಿ ಮಕ್ಕಳಿಗೂ ಕೊಡಬಹುದೆಂದು 2021ರಲ್ಲಿ ಒಪ್ಪಿಗೆ ಸಿಕ್ಕಿತು. ಇವಕ್ಕೆ ಪದೇಪದೇ ಐ.ಎನ್.ಆರ್. ಬೇಡ. ಹಾಗಾದರೆ ಎಲ್ಲರಿಗೂ ಇದನ್ನೇ ಕೊಡಬಾರದೇಕೆ? ಆಂಟಿಫಾಸ್ಫೋಲಿಪಿಡ್ ತೊಂದರೆ ಇರುವವರಿಗೆ ಇವು ವಾರ್ಫರಿನ್ನಿನಷ್ಟು ಕಾಪಾಡುವುದಿಲ್ಲವೆಂದು ದೊಡ್ಡವರ ಮೇಲೆ ನಡೆದ ಅಧ್ಯಯನಗಳಲ್ಲಿ ಕಂಡಿದೆ. ಅಂಥವರಿಗೆ ಹಳೆಯ ಮಾತ್ರೆಯೇ ಗಟ್ಟಿ. ಎಷ್ಟು ದಿನ ನುಂಗಬೇಕು ಎನ್ನುವುದೂ ಹಾಗೆಯೇ. ಕೊಳವೆಯಿಂದಲೋ ಸೋಂಕಿನಿಂದಲೋ ಕಟ್ಟಿದ ಹೆಪ್ಪಿಗೆ ಕೆಲವು ಮಕ್ಕಳಲ್ಲಿ ಆರು ವಾರದ ಔಷಧಿ ಮೂರು ತಿಂಗಳಿನಷ್ಟೇ ಸಾಕಾಗುತ್ತದೆ ಎಂದು 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಆದರೆ ಆಂಟಿಫಾಸ್ಫೋಲಿಪಿಡ್ ಅಂಶ ಉಳಿದೇ ಇರುವ ಮಕ್ಕಳು ಆ ಲೆಕ್ಕಕ್ಕೆ ಸೇರಿಲ್ಲ. ಅವರಿಗೆ ವರ್ಷಗಟ್ಟಲೆ ಬೇಕಾಗಬಹುದು. ಪಕ್ಕದ ಮನೆಯ ಮಗು ಮಾತ್ರೆ ಬಿಟ್ಟಿತೆಂದು ನಿಮ್ಮ ಮಗುವಿಗೆ ಬಿಡಿಸಬೇಡಿ.

ಇನ್ನು ನನ್ನ ಕಸುಬಿನ ಮಾತು. ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಆರು ಕಲಂ ಗೆರೆ ಹಾಕಿ. ದಿನಾಂಕ, ತೂಕ, ಮೂತ್ರದ ಪಟ್ಟಿ ನೋಡುವ ಮಕ್ಕಳಾದರೆ ಅದರ ಪ್ಲಸ್, ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ, ಐ.ಎನ್.ಆರ್. ಎಷ್ಟು, ಮುಂದಿನದು ಯಾವತ್ತು, ಕೊನೆಯಲ್ಲಿ ಷರಾ. ಜ್ವರ, ಭೇದಿ, ಮೂಗಿನಲ್ಲಿ ರಕ್ತ, ಹೊಸ ಔಷಧಿ, ಊರಿಗೆ ಹೋದದ್ದು, ಎಲ್ಲವೂ ಷರಾದಲ್ಲಿ. ಮಾತ್ರೆಯನ್ನು ದಿನವೂ ಒಂದೇ ಹೊತ್ತಿಗೆ ಕೊಡಿ, ಕೊಟ್ಟವರು ಆಗಲೇ ಸಹಿ ಹಾಕಿ. ಸಂಜೆ ತಾಯಿ ಒಂದು ಕೊಟ್ಟು, ಅದು ತಿಳಿಯದೆ ಅಜ್ಜಿ ಇನ್ನೊಂದು ಕೊಡುವುದು ಕೂಡುಕುಟುಂಬದಲ್ಲಿ ಆಗಬಹುದಾದ ಮಾತು. ಬ್ಯಾಂಕಿನಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕದೆ ಹಣ ಕೊಡುವುದಿಲ್ಲ. ಇಲ್ಲಿಯೂ ಸಹಿ ಇಲ್ಲದೆ ಮಾತ್ರೆ ಇಲ್ಲ. ಒಂದು ಹೊತ್ತು ತಪ್ಪಿಹೋದರೆ ಮಾರನೆಯ ದಿನ ಎರಡು ಸೇರಿಸಿ ಕೊಡಬೇಡಿ. ಫೋನ್ ಮಾಡಿ ಕೇಳಿ, ಷರಾದಲ್ಲಿ ಬರೆಯಿರಿ. ಓದಲು ಬರುವ ಮಗುವಾದರೆ ಪುಸ್ತಕವನ್ನು ಅದರ ಕೈಯಲ್ಲೇ ಬರೆಸಿ. ತನ್ನ ಕಾಯಿಲೆಯ ಲೆಕ್ಕ ತಾನೇ ಇಡುವ ಮಗು ಹೆದರುವುದು ಕಡಿಮೆ.

ಊಟದ ವಿಷಯ. ವಾರ್ಫರಿನ್, ಅಸಿಟ್ರಾಮ್ ಎರಡೂ ವಿಟಮಿನ್ ಕೆ ಎಂಬ ಜೀವಸತ್ವದ ಕೆಲಸವನ್ನು ತಡೆಯುತ್ತವೆ. ಡೆನ್ಮಾರ್ಕಿನ ಹೆನ್ರಿಕ್ ಡ್ಯಾಮ್ ಇದನ್ನು ಕಂಡುಹಿಡಿದು 1943ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಇದು ಹೆಚ್ಚಾಗಿರುವುದು ಹಸಿರು ಸೊಪ್ಪಿನಲ್ಲಿ. ನಮ್ಮ ತುಮಕೂರು ಸೀಮೆಯ ಊಟವೋ, ಮುದ್ದೆಯ ಜೊತೆ ಬಸ್ಸಾರು, ಮಸ್ಸೊಪ್ಪು! ಹಾಗಾದರೆ ಸೊಪ್ಪು ಬಿಡಬೇಕೇ? ಬೇಡ. ಬೆಳೆಯುವ ಮಗುವಿಗೆ ಸೊಪ್ಪು ಬೇಕು. ಬೇಕಾದದ್ದು ಒಂದೇ ಸಮ. ವಾರಕ್ಕೆ ಎರಡು ದಿನ ಸೊಪ್ಪಿನ ಸಾರು ಮಾಡುವ ಮನೆ ಎರಡು ದಿನವೇ ಮಾಡಲಿ; ಡಾಕ್ಟರು ಅದಕ್ಕೆ ತಕ್ಕಂತೆ ಮಾತ್ರೆ ಹೊಂದಿಸುತ್ತಾರೆ. ತೊಂದರೆ ಬರುವುದು ಏರುಪೇರಾದಾಗ. ಮಳೆ ಬಿದ್ದು ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಚಿಗುರಿದಾಗ, ರಜೆಗೆ ಅಜ್ಜಿ ಊರಿಗೆ ಹೋದ ಮಗುವಿಗೆ ದಿನವೂ ಅದೇ ಸಾರು ಎಂದರೆ ಐ.ಎನ್.ಆರ್. ಇಳಿಯುತ್ತದೆ. ಹೊಟ್ಟೆ ಕೆಟ್ಟು ನಾಲ್ಕು ದಿನ ಗಂಜಿಯಲ್ಲೇ ಕಳೆದರೆ ಏರುತ್ತದೆ. ಎರಡೂ ಷರಾಕ್ಕೆ ಬರಬೇಕು.

ಬೇರೆ ಔಷಧಿಗಳಿಂದಲೂ ಅಳತೆ ತಪ್ಪುತ್ತದೆ. ಹಲವು ಆಂಟಿಬಯಾಟಿಕ್‌ಗಳು ಐ.ಎನ್.ಆರ್. ಅನ್ನು ಏರಿಸುತ್ತವೆ, ಫಿಟ್ಸಿಗೆ, ಕ್ಷಯಕ್ಕೆ ಕೊಡುವ ಕೆಲವು ಔಷಧಿಗಳು ಇಳಿಸುತ್ತವೆ. ನಾಟಿ ಔಷಧಿ, ಕಷಾಯ, ಪುಡಿ ಯಾವುದೇ ಆಗಲಿ, ಹೊಸದನ್ನು ಕೇಳದೆ ಶುರುಮಾಡಬೇಡಿ. ಜ್ವರಕ್ಕೆ ಡಾಕ್ಟರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್, ಡೈಕ್ಲೋಫೆನಾಕ್ ಬೇಡ. ಆಸ್ಪಿರಿನ್ ಡಾಕ್ಟರೇ ಬರೆದುಕೊಟ್ಟಿದ್ದರೆ ಮಾತ್ರ. ಜ್ವರದ ಸಿರಪ್ಪುಗಳಲ್ಲಿ ಇವು ಬೆರೆತಿರುವುದುಂಟು, ಲೇಬಲ್ ಓದಿ.

ನಮ್ಮ ಕಡೆ ಇನ್ನೊಂದು ಅಭ್ಯಾಸ ಇದೆ. "ಒಂದು ಸೂಜಿ ಹಾಕಿಬಿಡಿ ಸಾರ್, ಬೇಗ ವಾಸಿಯಾಗ್ಲಿ" ಎಂದು ನಾವೇ ಕೇಳುತ್ತೇವೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುತ್ತಿರುವ ಮಗುವಿಗೆ ತೊಡೆಯ, ಸೊಂಟದ ಮಾಂಸಕ್ಕೆ ಸೂಜಿ ಹಾಕಿದರೆ ಒಳಗೇ ರಕ್ತ ಸೋರಿ ಗಡ್ಡೆಯಾಗಬಹುದು. ಯಾವ ಕ್ಲಿನಿಕ್ಕಿಗೆ ಹೋದರೂ ಮೊದಲ ಮಾತು "ಮಗು ರಕ್ತ ತೆಳು ಮಾಡುವ ಮಾತ್ರೆ ತಗೋತಿದೆ" ಎಂದಿರಲಿ. ಹಲ್ಲು ಕೀಳಿಸುವ ಮುಂಚೆ, ಕಿವಿ ಚುಚ್ಚಿಸುವ ಮುಂಚೆ, ಲಸಿಕೆಗೆ ಮುಂಚೆಯೂ ಇದೇ ಮಾತು. ಮೂಗಿನ ರಕ್ತ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ, ಮಲ ಟಾರಿನಂತೆ ಕಪ್ಪಾದರೆ, ಪೆಟ್ಟಿಲ್ಲದೆ ಮೈಯಲ್ಲಿ ನೀಲಿ ಗುರುತು ಬಂದರೆ ಅಂದೇ ತೋರಿಸಿ. ತಲೆಗೆ ಪೆಟ್ಟಾದರೆ ಮಗು ಚೆನ್ನಾಗಿ ಕಂಡರೂ ತೋರಿಸಿ.

ಶಾಲೆಯ ಮೇಷ್ಟ್ರು, ಮೇಡಂಗಳಿಗೂ ಒಂದು ಕೋರಿಕೆ. ಇಂಥ ಮಗುವನ್ನು ಮೂಲೆಯಲ್ಲಿ ಕೂರಿಸಬೇಡಿ. ಕಬಡ್ಡಿಯಂಥ ಮೇಲೆ ಬೀಳುವ ಆಟ ಬಿಟ್ಟು, ನಡಿಗೆ, ಓಟ, ಶಟ್ಲ್ ಯಾವುದು ಸರಿ ಎಂದು ಡಾಕ್ಟರನ್ನು ಕೇಳಿ ಆಡಿಸಿ. ಕೈಕಾಲು ಆಡಿಸುವುದೂ ಹೆಪ್ಪು ಕಟ್ಟದಿರಲು ಒಳ್ಳೆಯದೇ. ಮಕ್ಕಳೇ, ಈ ಕಾಯಿಲೆ ಅಂಟುವುದಿಲ್ಲ. ಸ್ಟೀರಾಯ್ಡ್ ಮಾತ್ರೆಯಿಂದ ಮುಖ ಗುಂಡಗಾದ ಗೆಳೆಯನಿಗೆ ಅಡ್ಡಹೆಸರು ಇಡಬೇಡಿ. ಕಡಿಮೆಯಾಗುವ ಊತಕ್ಕಿಂತ ಅಡ್ಡಹೆಸರು ಹೆಚ್ಚು ದಿನ ಉಳಿಯುತ್ತದೆ.

ಎಲ್ಲಿಗೆ ಹೋಗಬೇಕು? ಗುಬ್ಬಿಯವರಿಗೆ ತುಮಕೂರು ಹತ್ತಿರ. ಜಿಲ್ಲಾ ಆಸ್ಪತ್ರೆಯೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳೂ ಇಲ್ಲಿವೆ. ಕುಣಿಗಲ್ಲಿನವರಿಗೆ ತುಮಕೂರೂ ಆಗುತ್ತದೆ, ಹಾಸನದ ರಸ್ತೆಯಲ್ಲಿ ಬೆಳ್ಳೂರು ಕ್ರಾಸಿನ ಬಳಿಯ ಆದಿಚುಂಚನಗಿರಿ ಆಸ್ಪತ್ರೆಯೂ ಆಗುತ್ತದೆ. ಮುಂದಿನ ಹಂತಕ್ಕೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ವಾಣಿ ವಿಲಾಸ, ಸೇಂಟ್ ಜಾನ್ಸ್ ಇವೆ. ಹಣದ ಲೆಕ್ಕವನ್ನೂ ಹೇಳಬೇಕು. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬಂದು ತಪಾಸಣೆ ಮಾಡುತ್ತದೆ. ಅವರು ಬಂದ ದಿನ ಮಗುವನ್ನು ತಪ್ಪದೆ ಶಾಲೆಗೆ ಕಳಿಸಿ. ಕಾರ್ಡು, ಶಿಫಾರಸು, ಹಳೆಯ ರಿಪೋರ್ಟು, ಸ್ಕ್ಯಾನು ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿಡಿ. ತುರ್ತಿನಲ್ಲಿ ಬೀರು ತಡಕಾಡುವ ಹೊತ್ತು ಉಳಿಯುತ್ತದೆ.

ನಿಮ್ಮ ಮನೆಯಲ್ಲಿ ಇಂಥ ಮಗು ಇಲ್ಲದಿರಬಹುದು. ಇಲ್ಲದಿರಲಿ ಎಂದೇ ನನ್ನ ಹಾರೈಕೆ. ಆದರೆ ನಿಮ್ಮ ಬೀದಿಯಲ್ಲಿ, ನಿಮ್ಮ ಕ್ಲಾಸಿನಲ್ಲಿ ಒಬ್ಬರು ಇರಬಹುದು. ಈ ಪುಟವನ್ನು ಅವರ ಮನೆಗೆ ಕೊಡಿ. ಜೊತೆಗೆ ಒಂದು ನೋಟ್‌ಬುಕ್ಕು, ಒಂದು ಪೆನ್ನು, ಒಂದು ಅಡಿಪಟ್ಟಿಯನ್ನೂ ತೆಗೆದುಕೊಂಡು ಹೋಗಿ, ಕುಳಿತು ಆರು ಕಲಂ ಗೆರೆ ಹಾಕಿಕೊಟ್ಟು ಬನ್ನಿ.